ಹಾಪ್ಸ್ ಬೆಳೆಯದ ಊರಿನ ಭರಣಿಗಳು

ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಕಿತ್ತಳೆಯದೇ ಕಾರುಬಾರು. ಆಳುಗಳೆಲ್ಲ ಕಾಫಿ ಕೊಯ್ಲಿನಲ್ಲಿರುವಾಗ ಕಿತ್ತಳೆ ಕಿತ್ತು ಪೇಟೆಗೆ ಸಾಗಿಸಲು ಯಾರಿಗೂ ಪುರುಸೊತ್ತಿಲ್ಲ. ಚೆಂದದ ಹಣ್ಣು ನೆಂಟರ ಮನೆಗೆ ಹೋಗುತ್ತದೆ, ಮರದ ತುದಿಯದು ಮಂಗಗಳ ಪಾಲಾಗುತ್ತದೆ. ಸಿಪ್ಪೆಗೆ ಕಲೆ ಬಿದ್ದದ್ದು, ಗಾತ್ರದಲ್ಲಿ ಕಿರಿದಾದದ್ದು ಅಡುಗೆಮನೆಯ ಬುಟ್ಟಿಯಲ್ಲಿ ಉಳಿಯುತ್ತದೆ. ಮಲೆನಾಡಿನ ‘ಹೋಮ್‌ಮೇಡ್ ವೈನ್’ ಹುಟ್ಟುವುದು ಆ ಬುಟ್ಟಿಯಿಂದ. ಮಳೆಗಾಲದ ಹೊತ್ತಿಗೆ ಅದೇ ಬುಟ್ಟಿಗೆ ನೇರಳೆ, ಪ್ಯಾಷನ್ ಫ್ರೂಟ್ ಬಂದು ಬೀಳುತ್ತವೆ. ಹಣ್ಣೇ ಇಲ್ಲದಿದ್ದರೆ ಶುಂಠಿ.

ಇಂಗ್ಲೆಂಡ್, ಅಮೆರಿಕಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗೂ ಇಂಥದೊಂದು ಬುಟ್ಟಿ ಇರುತ್ತದೆ. ಹಿಂದಿನ ಸಲ ಮಿಕ್ಕ ಬಾರ್ಲಿ ಮಾಲ್ಟ್, ಅರ್ಧ ಖಾಲಿಯಾದ ಹಾಪ್ಸ್ ಪೊಟ್ಟಣಗಳು. ಅವನ್ನೆಲ್ಲ ಒಟ್ಟು ಹಾಕಿ ಅವರು ಪೇಲ್ ಏಲ್ ಎಂಬ ಬಿಯರ್ ಕುದಿಸುತ್ತಾರೆ. ಹಾಪ್ಸ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಕುದಿಯುವಾಗ ಮೊದಲೇ ಹಾಕಿದರೆ ಕಹಿ ಬಿಡುತ್ತದೆ, ಒಲೆಯಿಂದ ಇಳಿಸುವಾಗ ಹಾಕಿದರೆ ಪರಿಮಳ ಉಳಿಯುತ್ತದೆ.

ಆ ಬಳ್ಳಿ ಚೆನ್ನಾಗಿ ಹೂ ಬಿಡಲು ಬೇಸಿಗೆಯ ಹಗಲು ಬಲು ಉದ್ದವಿರಬೇಕು. ಭಾರತದಲ್ಲಿ ಅದನ್ನು ಮುಖ್ಯವಾಗಿ ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಚಿಕ್ಕಮಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ. ಹಾಗೆಂದು ಈ ಬೆಟ್ಟಗಳಿಗೆ ಹಾಪ್ಸ್‌ನ ಪರಿಮಳ ಅಪರಿಚಿತವಲ್ಲ. ಹಾಪ್ಸ್‌ನ ಎಣ್ಣೆಯಲ್ಲಿರುವ ಕ್ಯಾರಿಯೊಫಿಲೀನ್ ಎಂಬ ಪರಿಮಳದ ಅಂಶ ಕಾಳುಮೆಣಸಿನಲ್ಲಿ ಧಾರಾಳವಾಗಿದೆ. ಹಾಪ್ಸ್ ಎಣ್ಣೆಯ ಲಿಮೊನೀನ್ ಕಿತ್ತಳೆ ಸಿಪ್ಪೆಯಲ್ಲಿ ಚಿಮ್ಮುವಷ್ಟಿದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಪಕ್ಕದಲ್ಲೇ ಕಿತ್ತಳೆ ಮರ. ದೂರದ ದೇಶದವರು ಒಂದೇ ಹೂವಿನಲ್ಲಿ ಹುಡುಕುವ ಘಮ ಇಲ್ಲಿ ಇಡೀ ತೋಟದಲ್ಲಿ ಹಂಚಿಹೋಗಿದೆ. ವೈನಿನ ಭರಣಿಗೆ ನಾಲ್ಕು ಲವಂಗ, ಒಂದು ಚೂರು ಚಕ್ಕೆ, ಜಜ್ಜಿದ ಏಲಕ್ಕಿ ಹಾಕುವ ಗೃಹಿಣಿ ಮಾಡುವುದೂ ಹಾಪ್ಸ್ ಹಾಕುವವರ ಕೆಲಸವನ್ನೇ.

ಕೆಲಸವೇನೋ ಸರಳ, ಹದ ಮಾತ್ರ ಸುಲಭದ್ದಲ್ಲ. ಕಿತ್ತಳೆಯ ಸಿಪ್ಪೆಯೊಳಗಿನ ಬಿಳಿ ನಾರನ್ನೂ ಬೀಜವನ್ನೂ ತೆಗೆಯಲೇಬೇಕು. ಬಿಟ್ಟರೆ ಕಹಿ ಕೊನೆಯವರೆಗೂ ಹೋಗುವುದಿಲ್ಲ. ಒಂದು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಸಕ್ಕರೆ, ಕಾಯಿಸಿ ಆರಿಸಿದ ಎರಡು ಲೀಟರ್ ನೀರು, ಒಂದು ಹಿಡಿ ಗೋಧಿ, ಒಂದು ಚಮಚ ಬ್ರೆಡ್ ಯೀಸ್ಟ್. ಭರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವುತ್ತಾರೆ. ಹಣ್ಣು ನೊರೆಯೊಂದಿಗೆ ಮೇಲೆದ್ದು ಬುಸುಗುಡುತ್ತದೆ. ಕೆಲವು ದಿನ ಕಳೆದ ಮೇಲೆ ಸದ್ದಡಗಿ, ತಿರುಳು ತಳ ಸೇರುತ್ತದೆ. 21ನೆಯ ದಿನ ಸೋಸಿ, ಗಸಿ ಕೂರಲು ಬಿಟ್ಟು, ತಿಳಿಯನ್ನಷ್ಟೇ ಬಸಿದುಕೊಳ್ಳುತ್ತಾರೆ. ಬುಸುಗುಟ್ಟುವುದು ನಿಲ್ಲುವ ಮೊದಲೇ ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಒಳಗಿನ ಅನಿಲ ಗಾಜನ್ನೇ ಸಿಡಿಸೀತು.

ತೋಟದ ವೈನ್ ಯಾಕೆ ಯಾವಾಗಲೂ ಸಿಹಿ ಎಂಬುದಕ್ಕೆ ಲೆಕ್ಕವಿದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಯೀಸ್ಟಿಗೆ ಆಹಾರವಾದರೆ ಶೇ 1ರಷ್ಟು ಮದ್ಯಾಂಶ ಬರುತ್ತದೆ. ಭರಣಿಗೆ ಸುರಿದಿರುವುದು ಅದರ ಹತ್ತು ಹದಿನೈದು ಪಟ್ಟಿಗೂ ಹೆಚ್ಚು. ಮದ್ಯಾಂಶ ಶೇ 12ರ ಆಸುಪಾಸಿಗೆ ಬರುತ್ತಲೇ ಬ್ರೆಡ್ ಯೀಸ್ಟ್ ಸೋಲತೊಡಗುತ್ತದೆ, ಮಿಕ್ಕ ಸಕ್ಕರೆ ಹಾಗೇ ನಿಲ್ಲುತ್ತದೆ. ಅಂದಹಾಗೆ, ಪೇಲ್ ಏಲ್ ಮಾಡುವ ಯೀಸ್ಟ್ ಕೂಡ ಈ ಬ್ರೆಡ್ ಯೀಸ್ಟಿನ ಪ್ರಭೇದಕ್ಕೇ ಸೇರಿದ್ದು.

ಹುಳಿಯುವಿಕೆಯ ಹದ ಈ ಸೀಮೆಗೆ ಹೊಸದೇನಲ್ಲ. ಅರೇಬಿಕಾ ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಸುತ್ತ ಲೋಳೆ ಉಳಿಯುತ್ತದೆ. ತೊಟ್ಟಿಯಲ್ಲಿ ಒಂದು ದಿನ, ಒಂದೂವರೆ ದಿನ ಬಿಟ್ಟರೆ ಸೂಕ್ಷ್ಮಜೀವಿಗಳೇ ಆ ಲೋಳೆಯನ್ನು ಕರಗಿಸುತ್ತವೆ. ಅನುಭವಿ ರೈಟರ್ (ತೋಟದ ಮೇಲ್ವಿಚಾರಕ) ತೊಟ್ಟಿಗೆ ಕೈಹಾಕಿ ಒಂದು ಮುಷ್ಟಿ ಬೀಜ ಉಜ್ಜಿ ನೋಡುತ್ತಾನೆ. ಜಾರಿದರೆ ಇನ್ನೂ ಕಾಯಬೇಕು. ಜಲ್ಲಿಯಂತೆ ಗರಗರ ಎಂದರೆ ತೊಳೆಯಲು ಸಿದ್ಧ. ತಡವಾದರೆ ಕಾಫಿಗೆ ಹುಳಿವಾಸನೆ ಅಂಟುತ್ತದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಿಂದಾಗಿ ಕಾಫಿಗೆ ಶಾಸ್ತ್ರದ ಬೆಂಬಲ ಸಿಕ್ಕಿತು. ಅಡುಗೆಮನೆಯ ಭರಣಿಯ ವಿದ್ಯೆಯನ್ನು ಅತ್ತೆಯಂದಿರೇ ಬಾಯಿಮಾತಿನಲ್ಲಿ ಸೊಸೆಯಂದಿರಿಗೆ ದಾಟಿಸಬೇಕಾಯಿತು.

ಕಾನೂನು ಈ ವಿದ್ಯೆಯನ್ನು ವಿದ್ಯೆಯಾಗಿ ಕಾಣುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಭಟ್ಟಿ ಇಳಿಸಿದ ಕಳ್ಳಭಟ್ಟಿಯಿಂದ ಸತ್ತವರನ್ನು ನೆನೆದರೆ ಕಟ್ಟುನಿಟ್ಟು ಬೇಕೇ ಬೇಕು. ಆದರೆ ಭಟ್ಟಿ ಇಳಿಸದ ಹಣ್ಣಿನ ವೈನನ್ನು ಅದರ ಸಾಲಿಗೇ ಸೇರಿಸುವುದು ಅನ್ಯಾಯ. ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮವನ್ನು ಬ್ರಿಟನ್ 1963ರಲ್ಲೇ ಕೈಬಿಟ್ಟಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಥದೇ ಮಸೂದೆಗೆ ಸಹಿ ಹಾಕಿದರು. ದ್ರಾಕ್ಷಿ ಬೆಳೆಗಾರರಿಗಾಗಿ ಕರ್ನಾಟಕವೂ 2007ರಲ್ಲಿ ವೈನ್ ನೀತಿ ತಂದಿದೆ. ಅದೇ ಕಾಳಜಿಯನ್ನು ಮಲೆನಾಡಿನ ಕಿತ್ತಳೆ, ನೇರಳೆಗಳಿಗೂ ವಿಸ್ತರಿಸಬೇಕು. ಮಹಿಳಾ ಸಂಘಗಳಿಗೆ ಕಡಿಮೆ ಶುಲ್ಕದ ಪರವಾನಗಿ ಸಿಗಲಿ. ಮದ್ಯಾಂಶ ಅಳೆಯುವುದನ್ನೂ ಬಾಟಲಿ ಶುದ್ಧವಾಗಿಡುವುದನ್ನೂ ಮೂಡಿಗೆರೆಯ ತೋಟಗಾರಿಕೆ ಕಾಲೇಜು ಕಲಿಸಲಿ.