ಸೂರತ್ತಿನ ಶುಕ್ರವಾರಗಳು

ತಾಪೀ ತೀರದ ಸೂರತ್ತಿನಲ್ಲಿ ಹಳೆಯ ಆಂಗ್ಲ ವರ್ತಕರ ಗೋರಿಗಳು ಗುಮ್ಮಟಗಳನ್ನು ಹೊತ್ತು ಅರಮನೆಗಳಂತೆ ನಿಂತಿವೆ. ಅವರ ಸಂಜೆಗಳು ಹೇಗಿದ್ದವು? 1638ರಲ್ಲಿ ಆಂಗ್ಲರ ಕೋಠಿಯಲ್ಲಿ ಅತಿಥಿಯಾಗಿದ್ದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೋ ಅಲ್ಲಿನ ಶುಕ್ರವಾರಗಳನ್ನು ವರ್ಣಿಸಿದ್ದಾನೆ. ಪ್ರಾರ್ಥನೆ ಮುಗಿದೊಡನೆ ಕೋಠಿಯ ಅಧ್ಯಕ್ಷನೂ ಕೆಲವು ವರ್ತಕರೂ ಕಲೆತು, ಇಂಗ್ಲೆಂಡಿನಲ್ಲಿ ಬಿಟ್ಟುಬಂದ ಮಡದಿಯರ ಕ್ಷೇಮ ಕೋರಿ ಕುಡಿಯುತ್ತಿದ್ದರಂತೆ. ಬಟ್ಟಲಿನಲ್ಲಿದ್ದುದು ಮದ್ಯ, ಪನ್ನೀರು, ನಿಂಬೆಯ ರಸ, ಸಕ್ಕರೆ. ಹುಳಿಸಿಹಿಗಳ ಮರೆಯಲ್ಲಿ ಮದ್ಯದ ಉರಿ ತಿಳಿಯದು. ಕೆಲವರಿಗೆ ಅಳತೆ ಮೀರುತ್ತಿತ್ತು! ಇಂದಿನ ಕೂಟಗಳಲ್ಲಿ ಕಿತ್ತಳೆ, ನಿಂಬೆಗಳ ರಸಕ್ಕೆ ವೋಡ್ಕಾ ಬೆರೆಸುವ ‘ಪಂಚ್’ ಇದರ ಸಂತತಿಯೇ. ಐದು ವಸ್ತುಗಳು ಸೇರುವುದರಿಂದ ಆ ಹೆಸರೆಂದು ವೈದ್ಯ ಫ್ರೈಯರ್ ಮುಂದೆ ಬರೆದ. ಗುಜರಾತಿನಲ್ಲೀಗ ಮದ್ಯನಿಷೇಧ. ಬಟ್ಟಲಿನಲ್ಲಿ ಉಳಿದುದು ನಿಂಬೆ, ಸಕ್ಕರೆ, ನೀರು. ನಮ್ಮ ಪಾನಕಕ್ಕೆ ಏಲಕ್ಕಿಯೊಂದೇ ಕಡಿಮೆ.