ಬಾಯಿಗೂ ಬಿಡುವು ಬೇಕು
ಸಂಜೆ ಕಮ್ಮನಹಳ್ಳಿಯ ನೆಹರೂ ರಸ್ತೆಗೆ ಕಾಲಿಟ್ಟರೆ ನನ್ನ ಬಾಯಿ ಸುಮ್ಮನಿರಲ್ಲ. ಒಂದು ಬೈಟೂ ಟೀ, ಖಾರಾ ಬನ್ನು, ಹತ್ತು ನಿಮಿಷ ಬಿಟ್ಟು ಜಿಲೇಬಿ, ಮತ್ತೊಂದು ಬೈಟೂ. ಹಲ್ಲಿನ ಲೆಕ್ಕವೇ ಬೇರೆ: ಎಷ್ಟು ತಿಂದೆ ಅನ್ನುವುದಕ್ಕಿಂತ ಎಷ್ಟು ಸಲ ತಿಂದೆ ಅನ್ನುವುದೇ ಅದಕ್ಕೆ ಮುಖ್ಯ. ಸಕ್ಕರೆ ಸಿಕ್ಕ ಕೂಡಲೇ ಬಾಯೊಳಗಿನ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು. ಜೊಲ್ಲು ಅದನ್ನು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ನಾನು ಕೊಡೋದು ಹತ್ತೇ ನಿಮಿಷ! ನಮ್ಮ ವಿಧಾನಸಭಾ ಕ್ಷೇತ್ರಕ್ಕೇನೋ ಕವಿ ಸರ್ವಜ್ಞನ ಹೆಸರಿದೆ, ನನಗೆ ಬುದ್ಧಿ ಬಂದದ್ದು ಮಾತ್ರ ದಂತವೈದ್ಯರ ಕುರ್ಚಿಯಲ್ಲಿ. ಜಿಲೇಬಿ ಬಿಡಿ ಅನ್ನಲ್ಲ. ಊಟದ ಜೊತೆಗೇ ತಿಂದು ಮುಗಿಸಿ, ನೀರಲ್ಲಿ ಬಾಯಿ ಮುಕ್ಕಳಿಸಿ.