ತಾಮ್ರದ ಚೊಂಬೂ ತೆರೆದ ಕಿಟಕಿಯೂ

ಕಾಣುವ ಶತ್ರುವಿನೊಡನೆ ಕಾದಬಹುದು. ಕಾಣದವನೊಡನೆ ಕಾದಲು ಹೊರಟ ಮನುಷ್ಯ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯತೊಡಗುತ್ತಾನೆ. 2020ರ ಬೇಸಗೆಯಲ್ಲಿ ಕೊರೊನಾ ಬಂದಾಗ ನಮ್ಮ ಬೀದಿಯಲ್ಲಿ ನಡೆದದ್ದು ಇದೇ. ಹಾಲಿನ ಪೊಟ್ಟಣಕ್ಕೆ ಅಭ್ಯಂಜನ, ಬದನೆಕಾಯಿಗೆ ಉಪ್ಪುನೀರಿನ ಸ್ನಾನ, ವೃತ್ತಪತ್ರಿಕೆಗೆ ಜಗಲಿಯ ಮೇಲೆ ಒಂದು ದಿನದ ವನವಾಸ!

ಈ ಮಡಿಗೆ ಆಧಾರವಿಲ್ಲದೆ ಇರಲಿಲ್ಲ. ಅಮೆರಿಕದ ವಿಜ್ಞಾನಿಗಳು ಅದೇ ವರ್ಷ ಪ್ರಯೋಗ ನಡೆಸಿ ಲೆಕ್ಕ ಕೊಟ್ಟಿದ್ದರು: ಪ್ಲಾಸ್ಟಿಕ್ಕು, ಉಕ್ಕುಗಳ ಮೇಲೆ ವೈರಸ್ಸು 72 ಗಂಟೆಗಳವರೆಗೂ ಉಳಿಯಬಲ್ಲುದು, ರಟ್ಟಿನ ಮೇಲೆ 24 ಗಂಟೆಗಳಲ್ಲಿ, ತಾಮ್ರದ ಮೇಲೆ 4 ಗಂಟೆಗಳಲ್ಲಿ ಅದರ ಕಥೆ ಮುಗಿಯುತ್ತದೆ. ಇದನ್ನು ಕೇಳಿದ್ದೇ ತಡ, ನಮ್ಮ ತಾಯಿ ಅಟ್ಟದ ಮೇಲಿನ ತಾಮ್ರದ ಚೊಂಬನ್ನು ಇಳಿಸಿ ಹುಣಿಸೆಹಣ್ಣಿನಿಂದ ಬೆಳಗಿದರು. ವಿಜ್ಞಾನ ಕಡೆಗೂ ತಮ್ಮ ದಾರಿಗೆ ಬಂತೆಂಬ ತೃಪ್ತಿ ಅವರ ಮುಖದಲ್ಲಿತ್ತು. ಸಾಬೂನಿನ ಮಹಿಮೆಯೂ ಸುಳ್ಳಲ್ಲ. ಈ ವೈರಸ್ಸು ಹೊದ್ದಿರುವುದು ಕೊಬ್ಬಿನ ತೆಳುಪೊರೆ; ಪಾತ್ರೆಯ ಜಿಡ್ಡನ್ನು ಬಿಡಿಸುವಂತೆ ಸಾಬೂನು ಆ ಪೊರೆಯನ್ನೂ ಹರಿದುಹಾಕುತ್ತದೆ.

ಆದರೆ ಉಳಿಯುವುದು ಬೇರೆ, ತಗಲುವುದು ಬೇರೆ. ಸೋಂಕಿದ ವಸ್ತುವನ್ನು ಒಮ್ಮೆ ಮುಟ್ಟಿದ್ದರಿಂದ ರೋಗ ಬರುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ 2021ರ ಏಪ್ರಿಲಿನಲ್ಲಿ ಹೇಳಿತು. ಇನ್ನೊಂದು ಲೆಕ್ಕ ನೋಡಿ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಪ್ರಾಂತದಲ್ಲಿ 61 ಮಂದಿ ಸೇರಿ ಎರಡೂವರೆ ಗಂಟೆಯ ಕಾಲ ಮೇಳಗಾನದ ಅಭ್ಯಾಸ ಮಾಡಿದರು. ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು, ಅಷ್ಟೆ. ಅವರೂ ಸೇರಿ 53 ಮಂದಿ, ಪರೀಕ್ಷೆಯಿಂದಲೋ ಲಕ್ಷಣಗಳಿಂದಲೋ, ರೋಗಿಗಳ ಪಟ್ಟಿಗೆ ಬಂದರು, ಇಬ್ಬರು ತೀರಿಕೊಂಡರು.

ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಹಾಡುಗಾರನಲ್ಲ, ನಿಜ. ಆದರೆ ಗಂಟಲೇ ನನ್ನ ಬಂಡವಾಳ. ಪಂಪನ ಪದ್ಯವನ್ನು ಕಡೆಯ ಬೆಂಚಿಗೂ ಕೇಳುವಂತೆ ಓದುವುದು ಕನ್ನಡ ಮೇಷ್ಟರ ಹೆಮ್ಮೆಯಲ್ಲವೆ? ದನಿ ಏರಿದಷ್ಟೂ ಬಾಯಿಂದ ಹೊರಡುವ ಸೂಕ್ಷ್ಮ ಹನಿಗಳು ಹೆಚ್ಚುತ್ತವೆ. ಬಯಲಿನಲ್ಲಾದರೆ ಗಾಳಿ ಅವನ್ನು ಚದರಿಸುತ್ತದೆ, ಬಿಸಿಲು ಅವುಗಳೊಳಗಿನ ವೈರಸ್ಸನ್ನು ಬೇಗ ಕೊಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಅವು ಅಗರಬತ್ತಿಯ ಹೊಗೆಯಂತೆ ತೇಲುತ್ತ ನಿಲ್ಲುತ್ತವೆ.

2021ರ ಎರಡನೆಯ ಅಲೆ ನಮ್ಮ ಅಧ್ಯಾಪಕರ ಕೊಠಡಿಯಿಂದ ಒಬ್ಬ ಗೆಳೆಯನನ್ನು ಕೊಂಡೊಯ್ಯಿತು. ಇತಿಹಾಸ ಹೇಳುತ್ತಿದ್ದ, ಅವನ ದನಿ ಮೂರು ತರಗತಿಗಳಾಚೆಗೂ ಕೇಳಿ ನಮಗೆಲ್ಲ ಸಿಟ್ಟು ಬರುತ್ತಿತ್ತು. ಅವನಿಗೆ ರೋಗ ಎಲ್ಲಿಂದ ಬಂತೋ ಬಲ್ಲವರಿಲ್ಲ. ಕಾಲೇಜು ಮತ್ತೆ ತೆರೆದಾಗ ಆ ಮೌನ ಪಾಠಕ್ಕೆ ಗದ್ದಲಕ್ಕಿಂತ ಹೆಚ್ಚಿನ ಭಂಗವಾಯಿತು.

ಒಬ್ಬರು ಬಿಟ್ಟ ಗಾಳಿಯನ್ನು ಇನ್ನೊಬ್ಬರು ಸೇದಿಕೊಂಡೇ ಬದುಕುವ ಜಾತಿ ನಮ್ಮದು. ಗೆಳೆತನವೂ ಹಾಗೆಯೇ, ವಿದ್ಯೆಯೂ ಹಾಗೆಯೇ. ಕೈ ತೊಳೆದುಕೊಂಡು ಇದರಿಂದ ಪಾರಾಗುವಂತಿಲ್ಲ. ನಾನು ತರಗತಿಯ ಕಿಟಕಿಗಳ ತುಕ್ಕು ಹಿಡಿದ ಚಿಲಕಗಳಿಗೆ ಎಣ್ಣೆ ಬಿಡಿಸಿದೆ. ಈಗ ಪದ್ಯದ ನಡುವೆ ಬಸ್ಸಿನ ಹಾರನ್ನೂ ಸೊಪ್ಪಿನವಳ ಕೂಗೂ ನುಗ್ಗಿಬರುತ್ತವೆ. ಹುಡುಗರು ನಗುತ್ತಾರೆ. ನಾನು ಓದನ್ನು ನಿಲ್ಲಿಸಿ, ಅವಳು ದಾಟಿ ಹೋಗುವವರೆಗೆ ಕಾಯುತ್ತೇನೆ.